ತೊಟ್ಟಿಯ ಬೆನ್ನಿಗೊಂದು ಸಮುದ್ರ

ಬೋಳಾಗಿರುವ ಯಾವ ವಸ್ತುವನ್ನೂ ಬೋಳಾಗಿ ಬಿಡಲು ನನ್ನಿಂದ ಆಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಹೇಳಿದರೆ ಮುಚ್ಚಿಟ್ಟಿದ್ದೆ ಅಂದೀರಿ. ತೆಲುಗು ಗಡಿಯ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಕತ್ತರಿಸುವುದು ನನ್ನ ಕಸುಬು. ಹೆಸರು ಹಿಡಿದು ಕೇಳಿದರೆ ನಮ್ಮ ಬೀದಿಯವರಿಗೇ ನನ್ನ ಮನೆ ಗೊತ್ತಾಗುವುದಿಲ್ಲ, ಕಟಿಂಗ್ ಮಾಸ್ಟರ್ ಅಂದರೆ ಬಾಗಿಲವರೆಗೂ ಬಂದು ಬಿಟ್ಟುಹೋಗುತ್ತಾರೆ. ಪ್ಯಾಂಟು ಕತ್ತರಿಸಿದ ಮೇಲೆ ಉಳಿಯುವ ಚೂರು ಬಟ್ಟೆಯನ್ನು ಬೇರೆಯವರು ಮೂಟೆ ಕಟ್ಟಿ ಮಾರುತ್ತಾರೆ. ನಾನು ಮನೆಗೆ ತಂದು ಗೌಸು ಹೊಲಿಸುತ್ತೇನೆ. ಹಾಗಾಗಿ ನಮ್ಮ ಮನೆಯಲ್ಲಿ ಮಿಕ್ಸಿ, ನೀರಿನ ಕ್ಯಾನು, ಟಿವಿ ರಿಮೋಟು, ಫ್ರಿಜ್ಜಿನ ಹಿಡಿಕೆ ಎಲ್ಲಕ್ಕೂ ಜೀನ್ಸ್ ಉಡುಪು. ಗ್ಯಾಸ್ ಸಿಲಿಂಡರಿನದಂತೂ ಪೂರ್ತಿ ಪ್ಯಾಂಟೇ. ಸೊಂಟಪಟ್ಟಿ ಇದೆ, ಬೆಲ್ಟು ಹಾಕುವ ಲೂಪು ಇದೆ, ಲೈಟರ್ ಇಡಲು ಹಿಂದೊಂದು ಜೇಬೂ ಇದೆ. ಸಿಲಿಂಡರ್ ತರುವವನು ಪ್ರತಿ ಸಲವೂ, "ಮಾಸ್ಟ್ರ, ಮೊದಲು ಇದರ ಪ್ಯಾಂಟ್ ಬಿಚ್ಚಿಕೊಡ್ರಿ" ಅನ್ನುತ್ತಾನೆ. ನನ್ನ ಹೆಂಡತಿ ಆ ಹೊತ್ತಿಗೆ ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ.

ಹೆಂಡತಿಯ ಹೆಸರು ಗಂಗಮ್ಮ. ಮಡಕಶಿರದ ಕಡೆಯವಳು, ಅಮರಾಪುರದಿಂದ ಒಳಗೆ ಹೋದರೆ ಸಿಗುವ ಹಳ್ಳಿ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನಾನು "ಐತಿ" ಅಂದರೆ ಅವಳು "ಐತೆ" ಅನ್ನುತ್ತಾಳೆ, ಇಬ್ಬರಲ್ಲಿ ಒಬ್ಬರೂ ಸೋತಿಲ್ಲ. ಜಗಳ ಜೋರಾದಾಗ ಇಬ್ಬರೂ ತೆಲುಗಿಗೆ ಇಳಿಯುತ್ತೇವೆ, ಅಲ್ಲಿ ಇಬ್ಬರದೂ ಒಂದೇ ಮಟ್ಟ. ನಾನು ಕತ್ತರಿಸಿದ್ದನ್ನು ಹೊಲಿಯುವವಳು ಅವಳು. ಮನೆಯ ಹಿಂದಿನ ಕೋಣೆಯಲ್ಲಿ ಒಂದು ಹೊಲಿಗೆ ಮಷಿನ್, ಅಂಚಿನ ಎಳೆ ಬಿಚ್ಚದಂತೆ ಹೊಲಿಯುವ ಒಂದು ಓವರ್‌ಲಾಕ್ ಮಷಿನ್, ಎರಡಕ್ಕೂ ಅವಳೇ ಮಾಲೀಕಳು. ಹೊಲಿಗೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಪ್ಯಾಂಟು ಹೊಲಿಯುವವರು ಅದರ ಚೆಂದದ ಮುಖವನ್ನು ನೋಡುವುದು ಅಪರೂಪ. ಬಟ್ಟೆಗೆ ಸೀದಾ ಒಂದು, ಉಲ್ಟಾ ಒಂದು. ಒಳಹೊಲಿಗೆಯೆಲ್ಲ ಉಲ್ಟಾ ಕಡೆಯಿಂದ ಆಗಬೇಕು. ಸೀದಾ ಕಡೆ ಹಾಕಿಕೊಳ್ಳುವವನಿಗೆ.

ಕಡುನೀಲಿ ಬಟ್ಟೆಯ ಮೇಲೆ ಕಪ್ಪು ದಾರ ನೋಡೀ ನೋಡೀ ಕಳೆದ ವರ್ಷ ಗಂಗಮ್ಮನ ಕಣ್ಣು ಸಂಜೆಯಾದರೆ ಕೆಂಪಾಗಿ ನೀರು ಸುರಿಸಲು ಶುರುಮಾಡಿತು. ಬಳ್ಳಾರಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಕನ್ನಡಕ ಬರೆದುಕೊಟ್ಟರು, ಹನಿ ಔಷಧಿ ಕೊಟ್ಟರು, ಆಮೇಲೆ ನನ್ನ ಕಡೆ ತಿರುಗಿ, ಬರೀ ಔಷಧಿಯಿಂದ ಆಗುವುದಿಲ್ಲ, ಸ್ವಲ್ಪ ಹೊತ್ತಿಗೊಮ್ಮೆ ತಲೆ ಎತ್ತಿ ದೂರದ್ದೇನಾದರೂ ನೋಡಬೇಕು, ಇಲ್ಲದಿದ್ದರೆ ಈ ಕೆಲಸವನ್ನೇ ಬಿಡಬೇಕಾಗುತ್ತದೆ ಅಂದರು. ಕೆಲಸ ಬಿಡುವ ಮಾತಿಗೆ ಅವಳ ಮುಖ ಸಣ್ಣದಾಯಿತು. ಹೊಲಿಗೆ ಅವಳಿಗೆ ಬರೀ ದುಡಿಮೆಯಲ್ಲ. ಊರಲ್ಲಿ ಅವಳಷ್ಟು ನೇರವಾಗಿ ಜೇಬು ಕೂರಿಸುವವರು ಇಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಆದರೆ ಕೋಣೆಯಲ್ಲಿ ತಲೆ ಎತ್ತಿದರೆ ಕಾಣುವುದು ಗೋಡೆ, ಕಿಟಕಿಯಾಚೆ ನೋಡಿದರೆ ಪಕ್ಕದ ಮನೆಯ ಗೋಡೆ. ಹೀಗಾಗಿ ಎರಡೂವರೆ ಅಡಿಯ ಒಂದು ಗಾಜಿನ ತೊಟ್ಟಿ, ಐದು ಗೋಲ್ಡ್ ಫಿಶ್ ನಮ್ಮ ಮನೆಗೆ ಬಂದವು. ಮುಂದಿನ ಹಾಲಿಗೂ ಮಷಿನ್ ಕೋಣೆಗೂ ನಡುವಿನ ಗೋಡೆಯಲ್ಲಿ ಬಟ್ಟೆಯ ಬಂಡಲ್ ದಾಟಿಸಲು ಬಿಟ್ಟ ಕಿಂಡಿಯೊಂದಿತ್ತು. ತೊಟ್ಟಿ ಅದರಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಅವಳ ಮಷಿನ್ ಅಲ್ಲಿಂದ ಏಳೆಂಟು ಅಡಿ ದೂರ. ಅಂದಿನಿಂದ ಟರ್ರ್ ಅಂತ ಪ್ಯಾಂಟಿನ ಒಂದು ಕಾಲು ಹೊಲಿದರೆ ಮಷಿನ್ ಒಂದು ಗಳಿಗೆ ನಿಲ್ಲುತ್ತಿತ್ತು. ಆ ಗಳಿಗೆಯಲ್ಲಿ ಗಂಗಮ್ಮ ಮೀನು ನೋಡುತ್ತಿದ್ದಳು. ಎರಡು ತಿಂಗಳಲ್ಲಿ ಕಣ್ಣಿನ ಕೆಂಪು ಇಳಿಯಿತು. ಇಲ್ಲಿಗೆ ಸುಮ್ಮನಿದ್ದಿದ್ದರೆ ನನಗೆ ಹೇಳಲು ಕಥೆಯೇ ಇರುತ್ತಿರಲಿಲ್ಲ.

ನನ್ನ ಸಂಕಟ ಬೇರೆ. ತೊಟ್ಟಿಗೆ ಹಿಂಬದಿ ಇರಲಿಲ್ಲ. ಹಾಲಿನಲ್ಲಿ ಕೂತವರಿಗೆ ಮೀನಿನ ಜೊತೆಗೆ ಒಳಗಿನ ಸಂಸಾರವೆಲ್ಲ ಕಾಣುತ್ತಿತ್ತು. ಮೊಳೆಗೆ ನೇತುಹಾಕಿದ ನೈಟಿ, ಅರ್ಧ ಹೊಲಿದ ಪ್ಯಾಂಟಿನ ಗುಡ್ಡ, ದಾರದ ದೂಳು ಹಿಡಿದ ಫ್ಯಾನು. ನಮಗೆ ಬಟ್ಟೆ ಕೊಟ್ಟು ಹೊಲಿಸುವ ಸೇಠ್ ಒಮ್ಮೆ ಬಂದು ಸೋಫಾದಲ್ಲಿ ಕೂತರು. ಮೀನು ನೋಡುತ್ತ ಖುಷಿಯಾಗಿದ್ದವರು ಥಟ್ಟನೆ ಹಿಂದಕ್ಕೆ ಸರಿದರು. ಆಚೆ ಬದಿಯಲ್ಲಿ ಗಂಗಮ್ಮ ತೊಟ್ಟಿಯ ಹತ್ತಿರ ಬಂದು ಚಹಾ ಕುಡಿಯುತ್ತಿದ್ದಳು. ನೀರು ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತದೆಯಲ್ಲ, ಸೇಠ್ ಕಣ್ಣಿಗೆ ಎರಡು ಗೋಲ್ಡ್ ಫಿಶ್‌ಗಳ ನಡುವೆ ಒಂದು ಮೊರದಗಲ ಮುಖ, ಅದರಲ್ಲಿ ಒಂದು ಲೋಟ. ಅವರು ನೀರು ಕೇಳಿ ಕುಡಿದರು. ನಾನು ಮಾತ್ರ ಅವತ್ತೇ ತೀರ್ಮಾನ ಮಾಡಿದೆ. ಮನೆಗೆ ಬಂದವರಿಗೆ ಮನೆಯ ಉಲ್ಟಾ ಕಾಣಬಾರದು, ತೊಟ್ಟಿಯ ಬೆನ್ನಿಗೆ ಒಂದು ಸೀನರಿ ಹಾಕಬೇಕು. ಗಂಗಮ್ಮನನ್ನು ಕೇಳಿದೆನೇ ಅಂದರೆ, ಕೇಳಲಿಲ್ಲ. ಸಿಲಿಂಡರಿಗೆ ಪ್ಯಾಂಟು ಹಾಕುವಾಗಲೂ ಯಾರನ್ನೂ ಕೇಳಿರಲಿಲ್ಲ.

ಹೊಲಿದ ಮಾಲು ಕೊಡಲು ಬಳ್ಳಾರಿಗೆ ಹೋದಾಗ ಮೀನಿನ ಅಂಗಡಿಗೆ ಹೋದೆ. ಪ್ಲಾಸ್ಟಿಕ್ ಹಾಳೆಯ ಸೀನರಿಗಳನ್ನು ಬಟ್ಟೆ ಥಾನಿನ ಹಾಗೆ ಸುತ್ತಿ ಸಾಲಾಗಿ ನಿಲ್ಲಿಸಿದ್ದರು. ನನಗೆ ತವರುಮನೆಗೆ ಬಂದಷ್ಟು ಸುಖವಾಯಿತು. ಒಂದೊಂದನ್ನೇ ಬಿಚ್ಚಿಸಿದೆ. ಬರೀ ನೀಲಿ ಬಣ್ಣದ್ದೊಂದು, ಬಂಡೆಗಳದ್ದೊಂದು, ಹಿಮ ಬಿದ್ದ ಬೆಟ್ಟದ್ದೊಂದು. ಮೀನಿಗೂ ಹಿಮಕ್ಕೂ ಏನು ಸಂಬಂಧ ಅಂತ ಕೇಳಿದ್ದಕ್ಕೆ ಅಂಗಡಿಯವರು, ಕೊಳ್ಳುವವರು ಮೀನಲ್ಲವಲ್ಲ ಅಂದರು. ಇನ್ನೊಂದರಲ್ಲಿ ನೀರೊಳಗೆ ಮುರಿದು ಬಿದ್ದ ಕಂಬಗಳು, ಮೆಟ್ಟಿಲುಗಳು. ನಮ್ಮೂರ ಬೆಟ್ಟದ ಮೇಲಿನ ಕೋಟೆಯಲ್ಲಿ ಇಂಥದ್ದು ಬೇಕಾದಷ್ಟಿದೆ, ಅದನ್ನು ಮನೆಯೊಳಗೂ ಯಾಕೆ ತರಬೇಕು ಅನ್ನಿಸಿತು. ಕೊನೆಗೆ ಮನಸ್ಸು ನಿಂತಿದ್ದು ಸಮುದ್ರದ ಮೇಲೆ. ಕೆಂಪು, ಹಳದಿ, ನೇರಳೆ ಹವಳದ ಪೊದೆಗಳು, ಮೇಲಿಂದ ಇಳಿಯುವ ಬಿಸಿಲು. ತಿರುಗಿಸಿದರೆ ಅದರ ಹಿಂದೆಯೂ ಚಿತ್ರ, ಹಸಿರು ಗಿಡಗಳ ತೋಟ. ಎರಡೂ ಕಡೆ ಸೀದಾ ಇರುವ ಬಟ್ಟೆಯನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದೆ. ಅಡ್ಡಕ್ಕೆ ಎಳೆದು ನೋಡಿದೆ. ನೀರಿಗೆ ಹಾಕಿದರೆ ಎಷ್ಟು ಕುಗ್ಗುತ್ತದೆ, ಬಣ್ಣ ಬಿಡುತ್ತದೆಯೇ ಅಂತ ಕೇಳಿದೆ. ಅಂಗಡಿಯವರು ನನ್ನ ಕಸುಬನ್ನು ಅಲ್ಲೇ ಊಹಿಸಿ, "ಮಾಸ್ಟ್ರ, ಇದನ್ನ ಯಾರೂ ಒಗಿಯಂಗಿಲ್ರಿ. ಗಾಜಿನ ಹೊರಗ ಅಂಟಿಸೂದು" ಅಂದರು. ಆದರೂ ಇರಲಿ ಅಂತ ಒಂದರ ಬದಲು ಎರಡಾಗುವಷ್ಟು ತೆಗೆದುಕೊಂಡೆ. ನಮ್ಮ ಕಸುಬಿನಲ್ಲಿ ಡ್ಯಾಮೇಜ್ ಪೀಸ್‌ಗೆಂದು ಒಂದು ಹೆಚ್ಚಿಗೆ ಇಟ್ಟುಕೊಳ್ಳುವುದು ರೂಢಿ.

ಬಸ್ಸಿನಲ್ಲಿ ಸೀನರಿಯ ಸುರುಳಿಯನ್ನು ಮಡಿಲಲ್ಲಿ ಮಗುವಿನ ಹಾಗೆ ಅಡ್ಡ ಮಲಗಿಸಿಕೊಂಡು ಕೂತಿದ್ದೆ. ಓಬಳಾಪುರದಲ್ಲಿ ಹತ್ತಿ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಯಾವ ದೇವರ ಫೋಟೊ ಅಂತ ವಿಚಾರಿಸಿದರು. ಸಮುದ್ರ ಅಂದೆ. ಅವರು ಎರಡು ಬೆರಳು ಸುರುಳಿಗೆ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. ಸಮುದ್ರಕ್ಕೂ ಕೈಮುಗಿಯಬಹುದಲ್ಲ ಅಂತ ನಾನು ಹೆಚ್ಚು ಬಿಡಿಸಿ ಹೇಳಲು ಹೋಗಲಿಲ್ಲ.

ಮನೆಗೆ ಬಂದವನೇ ಕಟಿಂಗ್ ಟೇಬಲ್ಲಿನ ಮೇಲೆ ಹರಡಿದೆ. ಒಂದೇ ಪದರವನ್ನು ಕತ್ತರಿಸಿ ನನಗೆ ಅಭ್ಯಾಸವಿಲ್ಲ. ಪದರದ ಮೇಲೆ ಪದರ ಹಾಸಿ ಒಟ್ಟಿಗೆ ಕತ್ತರಿಸಿದರೇ ಕೈಗೆ ಸಮಾಧಾನ. ಹಾಗಾಗಿ ಸಮುದ್ರವನ್ನು ಎರಡು ಮಡಿಕೆ ಮಾಡಿ, ಸೀಮೆಸುಣ್ಣದಲ್ಲಿ ಗೀಟು ಹಾಕಿ, ಒಂದೇ ಏಟಿಗೆ ಎರಡು ಸಮುದ್ರ ತೆಗೆದೆ. ಗಾಜಿಗೆ ಹಿಡಿದು ನೋಡಿದರೆ ನಾಲ್ಕೂ ಕಡೆ ಅರ್ಧರ್ಧ ಇಂಚು ಹೆಚ್ಚು. ಅಳತೆ ತಪ್ಪಿರಲಿಲ್ಲ, ಕೈ ತಾನಾಗಿಯೇ ಹೊಲಿಗೆಗೆ ಮಾರ್ಜಿನ್ ಬಿಟ್ಟಿತ್ತು. ಮಡಚಿ ಹೊಲಿಯಲು ಅಲ್ಲಿ ಏನೂ ಇಲ್ಲ ಅನ್ನುವುದು ಕೈಗೆ ಗೊತ್ತಿರಲಿಲ್ಲ. ಸರಿ, ಮತ್ತೆ ಕತ್ತರಿಸಿದೆ. ಅಷ್ಟರಲ್ಲಿ ಇನ್ನೊಂದು ಕಿರಿಕಿರಿ ಕಣ್ಣಿಗೆ ಬಿತ್ತು. ಸುರುಳಿಯಲ್ಲಿದ್ದ ಸೀನರಿ ಎರಡೂ ತುದಿಯಲ್ಲಿ ಸುತ್ತಿಕೊಳ್ಳುತ್ತಿತ್ತು. ಸುತ್ತಿಕೊಳ್ಳುವ ಯಾವುದಕ್ಕೂ ನನ್ನ ಹತ್ತಿರ ಒಂದೇ ಔಷಧಿ. ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿದೆ, ಮೇಲೊಂದು ಒದ್ದೆ ಬಟ್ಟೆ ಹಾಕುವಷ್ಟು ಜಾಣತನವನ್ನೂ ತೋರಿಸಿದೆ, ಒತ್ತಿದೆ. ಬಟ್ಟೆ ತೆಗೆದಾಗ ಹವಳದ ಪೊದೆಗಳೆಲ್ಲ ಒಂದು ಮೂಲೆಗೆ ಬಂದು ಮುದುಡಿ ಕೂತಿದ್ದವು, ಕೆಳಗಿನ ಅಂಚು ಹೆಣ್ಣುಮಕ್ಕಳ ಫ್ರಾಕಿನ ನೆರಿಗೆಯಾಗಿತ್ತು. ಅದು ಎಷ್ಟು ಕುಗ್ಗುತ್ತದೆ ಅಂತ ಬಳ್ಳಾರಿಯ ಅಂಗಡಿಯವರಿಗೆ ಗೊತ್ತಿರಲಿಲ್ಲವಲ್ಲ, ಈಗ ನಾನು ಲೆಕ್ಕ ಸಮೇತ ಹೇಳಬಲ್ಲೆ. ಆ ಪೀಸನ್ನು ಮಡಚಿ ಗಂಗಮ್ಮನಿಗೆ ಕಾಣದ ಜಾಗದಲ್ಲಿಟ್ಟೆ.

ಎರಡನೆಯ ಪೀಸಿಗೆ ಬುದ್ಧಿ ಬಂದಿತ್ತು, ಅಂದರೆ ನನಗೆ. ಗಾಜಿಗೂ ಸೀನರಿಗೂ ನಡುವೆ ಎಣ್ಣೆ ಸವರಿ ಅಂಟಿಸಿದರೆ ಗಾಳಿಗುಳ್ಳೆ ಉಳಿಯುವುದಿಲ್ಲ ಅಂತ ಅಂಗಡಿಯವರು ಹೇಳಿಕಳಿಸಿದ್ದರು. ಗಂಗಮ್ಮ ಸಂತೆಗೆ ಹೋದ ಹೊತ್ತು ನೋಡಿ ಅವಳ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದುಕೊಂಡು ಮಷಿನ್ ಕೋಣೆಯ ಕಡೆಯ ಗಾಜಿಗೆ ಚೆನ್ನಾಗಿ ತಿಕ್ಕಿದೆ. ಸಮುದ್ರವನ್ನು ಹಾಲಿನ ಕಡೆಗೆ ಮುಖ ಮಾಡಿ ಇಟ್ಟು, ಸ್ಕೇಲಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಬಂದೆ. ಒಂದು ಗುಳ್ಳೆಯನ್ನು ಎಡಕ್ಕೆ ಓಡಿಸಿದರೆ ಬಲಕ್ಕೆ ಎರಡು ಏಳುತ್ತಿದ್ದವು. ಒಳಗೆ ಐದೂ ಮೀನುಗಳು ಗಾಜಿಗೆ ಮೂತಿ ಹಚ್ಚಿ ನೋಡುತ್ತಿದ್ದವು, ಗಂಗಮ್ಮನ ಕಡೆಯ ಸಾಕ್ಷಿಗಳ ಹಾಗೆ. ಒಂದು ಗಂಟೆ ಹೆಣಗಾಡಿ ಸುತ್ತ ಟೇಪು ಹಚ್ಚಿ ಹಾಲಿಗೆ ಬಂದು ನೋಡಿದೆ. ಸತ್ಯ ಹೇಳಬೇಕೆಂದರೆ ಮನಸ್ಸು ತುಂಬಿಬಂತು. ನೈಟಿ ಇಲ್ಲ, ಫ್ಯಾನಿಲ್ಲ, ಪ್ಯಾಂಟಿನ ಗುಡ್ಡವಿಲ್ಲ. ನೀಲಿ ಸಮುದ್ರದಲ್ಲಿ ಕೇಸರಿ ಮೀನುಗಳು. ಅವು ಸಿಹಿನೀರಿನ ಮೀನು, ಹವಳ ಬೆಳೆಯುವುದು ಉಪ್ಪುನೀರಿನಲ್ಲಿ ಅನ್ನುವುದು ಆಮೇಲೆ ತಿಳಿಯಿತು. ಅವಕ್ಕೇ ಇಲ್ಲದ ಅಭ್ಯಂತರ ನನಗೇಕೆ.

ಗಂಗಮ್ಮ ಬಂದು ಹಾಲಿನಲ್ಲಿ ನಿಂತು ನೋಡಿದಳು. ಒಳಗೆ ಹೋಗಿ ನೋಡಿದಳು. "ನನ್ನೆಣ್ಣೆ ಬಾಟ್ಲು ಖಾಲಿ ಆಗೈತೆ" ಅಂದಳು, ಅಷ್ಟೇ. ಒಪ್ಪಿಗೆಯಾಯಿತು ಅಂತ ನಾನು ತಿಳಿದುಕೊಂಡೆ. ಅವಳ ಪಾಲಿಗೆ ಅನ್ಯಾಯವೇನೂ ಆಗಿಲ್ಲ ಅನ್ನುವುದು ನನ್ನ ಲೆಕ್ಕ. ನನ್ನ ಕಡೆ ಸಮುದ್ರ, ಅವಳ ಕಡೆ ತೋಟ, ಹಸಿರಾದರೆ ಡಾಕ್ಟರೂ ಬೇಡ ಅಂದಾರೆಯೇ? ಎದುರು ಮನೆಯ ತೆಲುಗು ಮೇಷ್ಟ್ರು ಬಂದು, "ಸಮುದ್ರಮೇ ಇಂಟಿಕಿ ವಚ್ಚಿಂದಿ ಗದಪ್ಪಾ", ಸಮುದ್ರವೇ ಮನೆಗೆ ಬಂದುಬಿಟ್ಟಿದೆಯಲ್ಲಪ್ಪಾ, ಅಂತ ಹೊಗಳಿ, ಎರಡು ಸಲ ಚಹಾ ಕುಡಿದು ಹೋದರು. ಸೇಠ್ ಬಂದು ಫೋಟೊ ಹೊಡೆದುಕೊಂಡರು. ಇನ್ನೊಂದು ಸಂತೋಷವನ್ನೂ ಹೇಳಿಬಿಡುತ್ತೇನೆ. ಆ ವಾರ ಗಂಗಮ್ಮನ ಮಷಿನ್ ನಿಲ್ಲಲೇ ಇಲ್ಲ. ಮೊದಲೆಲ್ಲ ಕಾಲಿಗೊಮ್ಮೆ ನಿಲ್ಲುತ್ತಿದ್ದದ್ದು ಈಗ ಬೆಳಿಗ್ಗೆ ಶುರುವಾದರೆ ಊಟದವರೆಗೆ ಒಂದೇ ಸಮನೆ ಟರ್ರ್ ಅನ್ನುತ್ತಿತ್ತು. ಸಮುದ್ರದ ಮುಂದೆ ಸೋಫಾದಲ್ಲಿ ಕೂತು ಆ ಸದ್ದು ಕೇಳುತ್ತ, ಸೀನರಿ ಹಾಕಿದ್ದರಿಂದ ಕೆಲಸಕ್ಕೂ ಒಂದು ಓಟ ಬಂತಲ್ಲ ಅಂತ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎಂಟನೆಯ ದಿನಕ್ಕೋ ಏನೋ, ಗಂಗಮ್ಮನ ತಮ್ಮ ತಿಪ್ಪೇಸ್ವಾಮಿ ಊರಿನಿಂದ ಬಂದ. ಕುರಿ ಸಾಕಿಕೊಂಡಿರುವವನು, ಬಂದಾಗೆಲ್ಲ ಒಂದು ಚೀಲ ರಾಗಿ ಹೊತ್ತು ತರುತ್ತಾನೆ. ಅವನನ್ನು ತೊಟ್ಟಿಯ ಮುಂದೆ ಕೂರಿಸಿ ಸಮುದ್ರದ ಹಿಂದುಮುಂದೆಲ್ಲ ವಿವರಿಸಿದೆ. ಅವನು ಬಹಳ ಹೊತ್ತು ನೋಡಿ, ಇವನ್ನು ತಿನ್ನುವುದಿಲ್ಲವಾ ಅಂತ ಕೇಳಿ, ಇಲ್ಲ ಅಂದದ್ದಕ್ಕೆ ಆಸಕ್ತಿ ಕಳೆದುಕೊಂಡು ಅಕ್ಕನ ಹತ್ತಿರ ಹೋದ. ಸ್ವಲ್ಪ ಹೊತ್ತಿನ ಮೇಲೆ ಮಷಿನ್ ನಿಂತಿತು. ಎಷ್ಟು ಹೊತ್ತಾದರೂ ಶುರುವಾಗಲಿಲ್ಲ. ಅಕ್ಕ ತಮ್ಮ ಊರ ಸುದ್ದಿ ಮಾತಾಡುತ್ತಿರಬೇಕು ಅಂತ ನಾನೂ ಎದ್ದು ಹೋದೆ.

ತಿಪ್ಪೇಸ್ವಾಮಿ ಓವರ್‌ಲಾಕ್ ಮಷಿನ್ನಿನ ಮುಂದೆ ಬಗ್ಗಿ, ಕುರಿಯ ಕಾಲು ಹಿಡಿಯುವ ಆ ದಪ್ಪ ಬೆರಳುಗಳಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ. ಪಕ್ಕದಲ್ಲಿ ಗಂಗಮ್ಮ ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಎರಡು ಕಣ್ಣೂ ಕೆಂಪು.

"ನಮ್ಮಕ್ಕುಂಗೆ ದಾರ ಕಾಣ್ತಿಲ್ಲ ಕಣ್ ಭಾವ," ಅಂದ ಅವನು ತಲೆ ಎತ್ತದೆ. "ಮೂರು ದಿನದಿಂದ ಪಕ್ಕದ ಮನೆಯೋರ್ನ ಕರ್ದು ಪೋಣಿಸ್ಕೊಂತ ಅವ್ಳಂತೆ."

ನನಗೆ ಮೊದಲು ಬಂದದ್ದು ಸಮರ್ಥನೆಯೇ, ನಾಚಿಕೆ ಆಮೇಲೆ ಬಂತು. "ನಿನ್ನ ಕಡೆನೂ ಗಿಡ ಅದಾವಲ್ಲ," ಅಂದೆ. "ಹಸರು ನೋಡು ಅಂತಾನ ಹೇಳ್ತಾರಲ್ಲ ಎಲ್ರೂ."

ಗಂಗಮ್ಮ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ತೆಲುಗಿಗೆ ಹೋಗಿ ಹೇಗೋ ಸರಿಸಮ ಮಾಡಿಕೊಳ್ಳುತ್ತಿದ್ದೆ. "ಗಿಡ ಅವೆ, ಮೀನಿಲ್ಲ," ಅಂದಳು. "ಅಲ್ಲಾಡ್ದೆ ಇರಾದನ್ನ ಎಷ್ಟೊತ್ತು ಅಂತ ನೋಡ್ಲಿ? ಬೆಳಗಿಂದ ಸಂಜೆಗಂಟ ಬಟ್ಟೆ ಉಲ್ಟಾನೇ ನೋಡ್ತೀನಿ. ಮೀನಾದ್ರೂ ಸೀದಾ ನೋಡಾನ ಅಂತಿದ್ದೆ."

 ಮಷಿನ್ ನಿಲ್ಲದೆ ಓಡಿದ್ದಕ್ಕೆ ಖುಷಿಪಟ್ಟು ಸೋಫಾದಲ್ಲಿ ಕಾಲು ಅಲ್ಲಾಡಿಸುತ್ತ ಕೂತ ಒಂದೊಂದು ಬೆಳಗೂ ನೆನಪಾಯಿತು. ತಲೆ ಎತ್ತಲು ಏನೂ ಇಲ್ಲದ್ದಕ್ಕೆ ಅವಳು ತಲೆ ಎತ್ತಿರಲಿಲ್ಲ, ಅಷ್ಟೇ. ನನಗೆ ನನ್ನ ಮೇಲೆ ಬಂದಷ್ಟು ಬೇಸರ ಇಷ್ಟು ವರ್ಷದಲ್ಲಿ ತಪ್ಪು ಕತ್ತರಿಸಿದ ಯಾವ ಪ್ಯಾಂಟಿನ ಮೇಲೂ ಬಂದಿರಲಿಲ್ಲ.

ಹಾಗಂತ ಸೀನರಿಯನ್ನು ಕಿತ್ತು ಬಿಸಾಡಲು ಮನಸ್ಸು ಬಂತೇ? ಇಲ್ಲ, ಮನುಷ್ಯ ಅಷ್ಟು ಬೇಗ ಸುಧಾರಿಸುವುದಿಲ್ಲ. ಮೊದಲು ನಡುವೆ ಕತ್ತರಿಸಿ ಜಿಪ್ ಇಡುವ ಯೋಚನೆ ಬಂತು, ಅವಳಿಗೆ ನೋಡಬೇಕೆನಿಸಿದಾಗ ತೆರೆದುಕೊಳ್ಳಲಿ ಅಂತ. ತಿಪ್ಪೇಸ್ವಾಮಿಗೆ ಹೇಳಿದೆ. ಅವನು ತೊಟ್ಟಿಯ ಸುತ್ತ, ಅಂದರೆ ಹಾಲಿನಿಂದ ಕೋಣೆಗೆ, ಕೋಣೆಯಿಂದ ಹಾಲಿಗೆ ಎರಡು ಸಲ ಓಡಾಡಿ, ಇದನ್ನೇ ತೆಗೆದು ಆ ಕಡೆ ಗಾಜಿಗೆ ಹಾಕಿದರೆ ಅಕ್ಕನಿಗೆ ಮೀನೂ ಕಾಣುತ್ತೆ, ಸಮುದ್ರವೂ ಕಾಣುತ್ತೆ ಅಂದ. ನಿಮಗೆ ಗಿಡ ಇರುತ್ತಲ್ಲ ಭಾವ ಅಂತಲೂ ಸೇರಿಸಿದ. ಎರಡು ಪದರ ಒಟ್ಟಿಗೆ ಕತ್ತರಿಸುವ ಮಾಸ್ಟರಿಗೆ ಹೊಳೆಯದ್ದು ಅವನಿಗೆ ಹೊಳೆದಿತ್ತು. ಅಂದೇ ಸಂಜೆ ಹೊಸ ಎಣ್ಣೆ ಬಾಟಲಿ ತಂದು, ಅದರಲ್ಲಿ ಅರ್ಧ ಗಂಗಮ್ಮನಿಗೆ ಮೊದಲೇ ಎತ್ತಿಟ್ಟು, ಭಾವ ಭಾವಮೈದ ಇಬ್ಬರೂ ಸೇರಿ ಹಾಲಿನ ಕಡೆಯ ಗಾಜಿಗೆ ಅಂಟಿಸಿದೆವು. ಸಮುದ್ರ ಈಗ ಒಳಗೆ ಮುಖ ಮಾಡಿದೆ. ಗಂಗಮ್ಮ ಮಷಿನ್ ಹತ್ತಿಸಿದಳು, ಒಂದು ಕಾಲು ಹೊಲಿದಳು, ನಿಲ್ಲಿಸಿದಳು. ತಿಪ್ಪೇಸ್ವಾಮಿ ಇಂಥ ಸದ್ದಿಗೆಲ್ಲ ಕಿವಿ ಕೊಡುವವನಲ್ಲ, ರೊಟ್ಟಿ ಆಯಿತಾ ಅಂತ ಕೇಳುತ್ತಿದ್ದ. ನನಗೆ ಮಾತ್ರ ಆ ನಿಂತ ಗಳಿಗೆ ಬಹಳ ಹಿತವಾಯಿತು.

ಈಗ ಹಾಲಿಗೆ ಬಂದವರಿಗೆ ಗೋಡೆಯಲ್ಲಿ ಒಂದು ಗಿಡದ ಚಿತ್ರ ಕಾಣುತ್ತದೆ, ಅದರಿಂದ ಗುಳುಗುಳು ಸದ್ದು ಕೇಳುತ್ತದೆ. ಮೇಷ್ಟ್ರು ಬಂದು ಒಂದೇ ಚಹಾಕ್ಕೆ ಎದ್ದು ಹೋದರು. ಸೇಠ್ ಅತ್ತಿತ್ತ ನೋಡಿ ಮೀನು ಎಲ್ಲಿ ಅಂತ ಕೇಳಿದರು. "ಒಳಗ ಡ್ಯೂಟಿ ಮೇಲೆ ಅದಾವ್ರಿ" ಅಂದೆ. ಅವರು ನಗಲಿಲ್ಲ. ನನಗೂ ಮೀನು ನೋಡಬೇಕೆನಿಸಿದರೆ ಈಗ ಒಳಗೇ ಹೋಗಬೇಕು. ಸಂಜೆ ಚಹಾ ಹಿಡಿದುಕೊಂಡು ಗಂಗಮ್ಮನ ಪಕ್ಕ ಸ್ಟೂಲು ಹಾಕಿ ಕೂರತೊಡಗಿದೆ. ಹಾಲಿನಲ್ಲಿ ಒಬ್ಬನೇ ಕೂತು ನೋಡುವುದಕ್ಕಿಂತ ಅದು ಚೆನ್ನಾಗಿತ್ತು. ಯಾವ ಮೀನು ಯಾವುದನ್ನು ಅಟ್ಟುತ್ತದೆ, ಯಾವುದು ಸೋಮಾರಿ, ಎಲ್ಲ ಅವಳಿಗೆ ಗೊತ್ತು. ಎರಡು ದಿನ ಹೀಗೆ ನಡೆಯಿತು. ಮೂರನೆಯ ದಿನ ಅವಳು ಹೊಲಿದು ಮುಗಿಸಿದ ಪ್ಯಾಂಟಿನ ರಾಶಿಯನ್ನು ನನ್ನ ತೊಡೆಯ ಮೇಲಿಟ್ಟು ಕೈಗೊಂದು ಪುಟ್ಟ ಕತ್ತರಿ ಕೊಟ್ಟಳು. ಹೊಲಿಗೆಯ ತುದಿಗಳಲ್ಲಿ ಉಳಿದ ದಾರ ಕತ್ತರಿಸುವುದು ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಕೆಳಗಿನ ಕೆಲಸ, ನಿನ್ನೆ ಸೇರಿದವರಿಗೆ ಕೊಡುವಂಥದ್ದು. ಮಾಸ್ಟರ್ ಆದವನು ಆ ಕತ್ತರಿ ಮುಟ್ಟುವುದಿಲ್ಲ. ಸುತ್ತ ನೋಡಿದೆ, ಯಾರೂ ಇರಲಿಲ್ಲ, ಮುಟ್ಟಿದೆ.

ಪ್ಯಾಂಟನ್ನು ಉಲ್ಟಾ ಮಾಡಿ, ಕಡುನೀಲಿಯ ಮೇಲೆ ಕಪ್ಪು ದಾರ ಹುಡುಕುತ್ತ ಹತ್ತೋ ಹನ್ನೆರಡೋ ಮುಗಿಸಿರಬೇಕು, ನನ್ನ ಕಣ್ಣಿನಲ್ಲಿ ನೀರಾಡಿ ದಾರ ಎರಡೆರಡಾಗಿ ಕಂಡಿತು. ಇವಳು ಇದನ್ನು ಇಪ್ಪತ್ತೆರಡು ವರ್ಷದಿಂದ ಹೇಗೆ ಮಾಡುತ್ತಿದ್ದಾಳೋ ಅಂದುಕೊಳ್ಳುತ್ತ ತಲೆ ಎತ್ತಿ ಮೀನುಗಳ ಕಡೆ ನೋಡಿದೆ. ಎಂಥ ತಂಪು. ಇನ್ನೊಂದು ಸ್ವಲ್ಪ ಹೊತ್ತು ನೋಡೋಣ ಅಂತ ಕೂತೆ. ಪಕ್ಕದಲ್ಲಿ ಮಷಿನ್ ನಿಂತಿತು.

"ಡಾಕ್ಟ್ರು ಹೇಳಿದ್ದು ನಂಗೆ," ಅಂದಳು ಗಂಗಮ್ಮ. "ನೀವು ದಾರ ನೋಡ್ರಿ."